ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಮಾಡೆಲ್ ಬೆಳ್ಳಗಾಗಿದೆ, ಉಳಿಸಬಹುದಾ?

ಡೊಂಬಿವಲಿ_ಕುಂಚ
ಎಲ್ಲರಿಗೂ ನಮಸ್ಕಾರ. ನಾನು ಚಿತ್ರ ಬರೆಯುವವಳು. ಗೆಳೆಯರ ಬ್ಯಾಂಡಿನ ಎಲ್‌ಪಿ ರೆಕಾರ್ಡಿಗೆ ಎಪ್ಪತ್ತರ ದಶಕದ ಸೈನ್ಸ್ ಫಿಕ್ಷನ್ ಚಿತ್ರಗಳ ಥರ ಕವರ್ ಮಾಡುತ್ತಿದ್ದೇನೆ. ಘಟ್ಟದ ಕಣಿವೆಯೊಳಗೆ ದೊಡ್ಡ ನೌಕೆಯೊಂದು ಇಳಿಯುವ ದೃಶ್ಯ. ನೆರಳು ಬೆಳಕು ನಿಜದ್ದೇ ಬೇಕು ಅನ್ನಿಸಿತು. ಅದಕ್ಕೇ 40 ಸೆಂಟಿಮೀಟರ್ ಉದ್ದದ ಮಾಡೆಲ್ ಕಟ್ಟಿದೆ. ಫೋಟೋ ತೆಗೆದು ಅದರ ಮೇಲೆ ಬಣ್ಣ ಕೊಡುವ ಯೋಚನೆ. ಪಿವಿಸಿ ಪೈಪು, ಪ್ಲಾಸ್ಟಿಕ್ ಶೀಟು, ಕೆಟ್ಟ ರಿಮೋಟಿನ ಒಳಭಾಗ, ಹಳೆ ಟ್ಯಾಂಕ್ ಕಿಟ್ಟಿನ ಬಿಡಿಭಾಗಗಳು. ಆರು ವಾರದ ಕೆಲಸ.

ನಿನ್ನೆ ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಹತ್ತೇ ನಿಮಿಷದಲ್ಲಿ ಕಿತ್ತಳೆ ಪಟ್ಟಿಗಳ ಮೇಲೆಲ್ಲ ಬೂದಿ ಕೂತ ಹಾಗಾಯಿತು. ಒರೆಸಿದರೂ ಹೋಗುತ್ತಿಲ್ಲ. ಕೆಳಗಿರುವುದು ಅಕ್ರಿಲಿಕ್ ಬಣ್ಣ. ಇದೇ ಡಬ್ಬಿ ಫೆಬ್ರವರಿಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಭಾನುವಾರ ಫೋಟೋ ತೆಗೆಯಬೇಕು. ಅಳುವೇ ಬರುತ್ತಿದೆ.

ವಾಶಿ_ವರ್ಕ್‌ಶಾಪ್
ಹತ್ತಿಯಲ್ಲಿ ಥಿನ್ನರ್ ಅದ್ದಿ ಒರೆಸಿ ನೋಡಿ ಮೇಡಂ.

ಪುಣೆ_ಮಾಡೆಲ್
ಅಯ್ಯೋ, ಥಿನ್ನರ್ ಬೇಡವೇ ಬೇಡ. ವಾರ್ನಿಶ್ ಜೊತೆ ಬಣ್ಣವೂ ಎದ್ದು ಬರುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ. ಅಕ್ಕ, ಸ್ವಲ್ಪ ತಾಳಿ. ಡಬ್ಬಿ ಚೆನ್ನಾಗಿ ಅಲುಗಾಡಿಸಿದ್ರಾ? ಹೊಡೆಯುವ ಮೊದಲು ಮಾಡೆಲ್ ಎಲ್ಲಿತ್ತು?

ಡೊಂಬಿವಲಿ_ಕುಂಚ
ಎರಡು ನಿಮಿಷ ಅಲುಗಾಡಿಸಿದ್ದೆ. ಮಾಡೆಲ್ ರಾತ್ರಿಯಿಡೀ ಎಸಿ ರೂಮಿನಲ್ಲಿತ್ತು, ಧೂಳು ಕೂರದಿರಲಿ ಅಂತ. ಬೆಳಿಗ್ಗೆ ಮಳೆ ನಿಂತಿತ್ತು, ಬಾಲ್ಕನಿಗೆ ತಂದು ಹೊಡೆದೆ.

ಪುಣೆ_ಮಾಡೆಲ್
ಅಲ್ಲೇ ಆಗಿದ್ದು. ಜುಲೈಯಲ್ಲಿ ಎಸಿ ಲೋಕಲ್‌ನಿಂದ ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತದೆ ಅಲ್ವಾ? ನಿಮ್ಮ ಮಾಡೆಲ್‌ಗೂ ಅದೇ ಆಯಿತು. ತಣ್ಣಗಿದ್ದ ಪ್ಲಾಸ್ಟಿಕ್ ಮೇಲೆ ಗಾಳಿಯ ತೇವ ಕೂತಿದೆ. ಸಾಲದ್ದಕ್ಕೆ ಸ್ಪ್ರೇಯ ದ್ರಾವಕ ಬೇಗ ಆವಿಯಾಗುತ್ತದೆ. ಆಗ ಮೇಲ್ಮೈ ಇನ್ನೂ ತಣ್ಣಗಾಗುತ್ತದೆ, ಇನ್ನಷ್ಟು ನೀರು ಹಿಡಿಯುತ್ತದೆ. ಆ ನೀರು ವಾರ್ನಿಶ್ ಪದರದೊಳಗೆ ಸಿಕ್ಕಿಕೊಂಡು, ಆರಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಬಿಡುತ್ತದೆ. ಬೆಳಕು ಅಲ್ಲಿ ಚದುರುತ್ತದೆ, ಅದಕ್ಕೇ ಬಿಳಿ. ಹೆಚ್ಚಾಗಿ ಬಣ್ಣಕ್ಕೆ ಏನೂ ಆಗಿರುವುದಿಲ್ಲ, ಧೈರ್ಯವಾಗಿರಿ.

ಆ ತೂತುಗಳು ತುಂಬಿದರೆ ಬಿಳಿ ಹೋಗುತ್ತದೆ. ನೀರು ಆಧಾರಿತ ಗ್ಲಾಸಿ (ಹೊಳಪಿನ) ವಾರ್ನಿಶ್ ಅನ್ನು ಮೆತ್ತನೆ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ. ಮೊದಲು ಹೊಟ್ಟೆ ಭಾಗದಲ್ಲಿ ಒಂದು ಇಂಚು ಮಾತ್ರ. ಬಣ್ಣ ವಾಪಸ್ ಬಂದರೆ ಉಳಿದದ್ದಕ್ಕೆ ಹಚ್ಚಿ. ಮಿರಮಿರ ಹೊಳೆಯುತ್ತದೆ, ಹೆದರಬೇಡಿ. ಪೂರ್ತಿ ಒಂದು ದಿನ ಆರಲು ಬಿಟ್ಟು, ನೀರು ಆಧಾರಿತ ಮ್ಯಾಟ್ ವಾರ್ನಿಶ್ ಕೂಡ ಬ್ರಷ್‌ನಲ್ಲೇ ಕೊಡಿ. ಮಳೆಗಾಲ ಮುಗಿಯುವವರೆಗೆ ಸ್ಪ್ರೇ ಮುಟ್ಟಬೇಡಿ ಅಂತ ನನ್ನ ಸಲಹೆ. ಹೊಡೆಯಲೇಬೇಕಾದರೆ ಮಾಡೆಲ್ ಎರಡು ಗಂಟೆಯಾದರೂ ಹೊರಗಿದ್ದು ಬಿಸಿಯೇರಲಿ, ತೇವಾಂಶ ಶೇಕಡಾ 60ರ ಆಸುಪಾಸಿಗೆ ಇಳಿದಿರಲಿ.

ಮಡಗಾಂವ್_ಲೆನ್ಸ್
ಒಂದು ಮಾತು ಸೇರಿಸಲಾ? ಹಿಂಭಾಗದ ಬಿಳಿಯನ್ನು ಪೂರ್ತಿ ತೆಗೆಯಬೇಡಿ. ಘಟ್ಟದಲ್ಲಿ ದೂರದ ಗುಡ್ಡ ಮಸುಕಾಗಿ ಕಾಣುತ್ತದಲ್ಲ, ಕಣ್ಣು ಅದರಿಂದಲೂ ದೂರ ಅಳೆಯುತ್ತದೆ. ಮೂತಿ ಸ್ಪಷ್ಟ, ಬಾಲ ಮಸುಕು ಇದ್ದರೆ ನೌಕೆ ಒಂದು ಮೈಲಿ ಉದ್ದ ಕಾಣುತ್ತದೆ. ಶೂನ್ಯದಲ್ಲಿ ತೇಲುವ ನೌಕೆಯಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ, ಅಲ್ಲಿ ಗಾಳಿಯೇ ಇಲ್ಲ.

ಫೋಟೋಗೆ ಟ್ರೈಪಾಡ್, ಲೆನ್ಸಿನ ಕಿಂಡಿ ಚಿಕ್ಕದು: ಎಫ್/11 ಅಥವಾ ಎಫ್/16. ಕ್ಯಾಮೆರಾ ನೌಕೆಗಿಂತ ಕೆಳಗಿರಲಿ. ಮೇಲಿಂದ ತೆಗೆದರೆ ಆಟಿಕೆಯೇ. ಒಂದೇ ದೀಪ ಸಾಕು, ಸೂರ್ಯನೂ ಒಬ್ಬನೇ. ಬಿಳಿ ಗೋಡೆಯ ಬೆಳಕು ನೆರಳನ್ನು ಕೆಡಿಸುತ್ತದೆ, ಎದುರಿಗೆ ಕಪ್ಪು ಬಟ್ಟೆ ಕಟ್ಟಿ. ಎಲ್‌ಪಿ ಕವರ್ ಸುಮಾರು 31.5 ಸೆಂಟಿಮೀಟರ್ ಚೌಕ. ಮುದ್ರಣಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಒಂದು ಬದಿಗೆ 3,800 ಪಿಕ್ಸೆಲ್ ಇಟ್ಟುಕೊಂಡರೆ ಸುತ್ತ ಕತ್ತರಿಸುವುದಕ್ಕೂ ಜಾಗ ಸಿಗುತ್ತದೆ.

ಡೊಂಬಿವಲಿ_ಕುಂಚ
ಗ್ಲಾಸಿ ವಾರ್ನಿಶ್ ಹಚ್ಚಿದೆ. ಕಣ್ಣೆದುರೇ ಕಿತ್ತಳೆ ಬಣ್ಣ ವಾಪಸ್ ಬಂತು, ಕೈ ನಡುಗುತ್ತಿತ್ತು! ಇವತ್ತು ಮ್ಯಾಟ್ ಕೂಡ ಆಯಿತು. ಬಾಲದ ಕಡೆ ಒಂದು ಗೇಣು ಹಾಗೇ ಬಿಟ್ಟಿದ್ದೇನೆ, ನಿಜವಾಗಿ ದೂರ ಕಾಣುತ್ತಿದೆ. ಎಡ ಎಂಜಿನ್ನಿನ ಸಂದಿಗೆ ಮಾತ್ರ ಬ್ರಷ್ ಹೋಗಲಿಲ್ಲ. ಕ್ಯಾಮೆರಾ ಬಲಗಡೆ ಇಡುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.