ಅಮ್ಮನ ಕಣ್ಣನ್ನು ಯಂತ್ರ ನೋಡಿದೆ, ಡಾಕ್ಟರ್ ನೋಡಿಲ್ಲ. ಈ ಚೀಟಿ ನಂಬಬಹುದಾ?

ಹೊಂಗೆನೆರಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರದ ಒಂದು ಹಳ್ಳಿ. ಅಮ್ಮನಿಗೆ 61 ವರ್ಷ, ಶುಗರ್ ಬಂದು 12 ವರ್ಷ ಆಯ್ತು. ಹೋದ ತಿಂಗಳು ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ಇತ್ತು. ನಾನು ಬೆಂಗಳೂರಿನಲ್ಲಿದ್ದೆ. ಅಮ್ಮ ಪಕ್ಕದ ಮನೆಯವರ ಜೊತೆ ಹೋಗಿ ಬಂದರು.

ಕೈಯಲ್ಲಿ ಹಿಡಿಯುವಂಥ ಕ್ಯಾಮೆರಾದಲ್ಲಿ ಎರಡೂ ಕಣ್ಣಿನ ಫೋಟೋ ತೆಗೆದರಂತೆ. ಐದು ನಿಮಿಷಕ್ಕೆ ಚೀಟಿ ಬಂತಂತೆ. ರಾತ್ರಿ ಫೋನ್ ಮಾಡಿ "ಏನೂ ಇಲ್ವಂತೆ ಕಣೇ, ಚೆನ್ನಾಗಿದೆಯಂತೆ" ಅಂದರು. ಹಬ್ಬಕ್ಕೆ ಊರಿಗೆ ಹೋದಾಗ ಚೀಟಿ ನೋಡಿದೆ. ಬಲಗಣ್ಣು: ತೊಂದರೆ ಇಲ್ಲ. ಎಡಗಣ್ಣು: ಚಿತ್ರ ಸ್ಪಷ್ಟವಿಲ್ಲ. ಕೆಳಗೆ ಡಾಕ್ಟರ ಹೆಸರಿಲ್ಲ, ಸಹಿ ಇಲ್ಲ. ಎಐ ವರದಿ ಅಂತ ಇದೆ, ಅಷ್ಟೇ.

ಅಲ್ಲೇ ಆಧಾರ್ ನಂಬರ್ ಕೇಳಿ, ಫೋನಿಗೆ ಬಂದ ಓಟಿಪಿ ತಗೊಂಡು ಆಭಾ ಕಾರ್ಡನ್ನೂ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಕಾರ್ಡು) ಮಾಡಿಕೊಟ್ಟಿದ್ದಾರೆ. ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಹಾಳೆ ಇಂಗ್ಲಿಷಿನಲ್ಲಿತ್ತಂತೆ. ನಮ್ಮಮ್ಮ ದಿನಾ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಕನ್ನಡದಲ್ಲಿ ಕೊಟ್ಟಿದ್ದರೆ ಓದಿಯೇ ಸಹಿ ಹಾಕುತ್ತಿದ್ದರು. ನನಗೆ ಅದೇ ಜಾಸ್ತಿ ಬೇಜಾರು.

ಬಲಗಣ್ಣಿನ ಬಗ್ಗೆ ಬರೆದಿದ್ದನ್ನು ನಂಬಬಹುದಾ? ಆ ಫೋಟೋ ಎಲ್ಲಿಗೆ ಹೋಯ್ತು? ಆಭಾ ಅಳಿಸಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ನೇತ್ರಾಧಿಕಾರಿ_ಹಾಸನ ಬರೆದದ್ದು:

ಮೇಡಂ, ಮೊದಲು ಎಡಗಣ್ಣು. ಈ ವಾರವೇ ತೋರಿಸಿ. ಬೇರೆಲ್ಲ ಆಮೇಲೆ.

"ಸ್ಪಷ್ಟವಿಲ್ಲ" ಅಂದರೆ ಚೆನ್ನಾಗಿದೆ ಅಂತಲ್ಲ, ನೋಡಲು ಆಗಲಿಲ್ಲ ಅಂತ. ಶುಗರ್ ಇರುವವರ ಪಾಪೆ ಎಷ್ಟೋ ಸಲ ಸರಿಯಾಗಿ ಅಗಲ ಆಗುವುದಿಲ್ಲ. ಪೊರೆ ಇದ್ದರೂ ಚಿತ್ರ ಮಬ್ಬಾಗುತ್ತದೆ. ಕಣ್ಣೊಳಗೆ ರಕ್ತ ಸೋರಿದ್ದರೂ ಅಷ್ಟೇ. ಅಂದರೆ ಚಿತ್ರ ಬಾರದೆ ಇರುವುದೇ ಕಾಯಿಲೆಯ ಗುರುತು ಇರಬಹುದು. ಶಾಲೆ ಕೊಠಡಿಯ ಕಿಟಕಿ ಬೆಳಕೂ ಕಾರಣ ಇರಬಹುದು. ನಾನು ಶಿಬಿರಕ್ಕೆ ಹೋದರೆ ಕಪ್ಪು ಬಟ್ಟೆ ತಗೊಂಡೇ ಹೋಗುತ್ತೇನೆ, ಕಿಟಕಿಗೆ ಕಟ್ಟಲು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಗೂಗಲ್‌ನವರು ಇಂಥದ್ದೇ ಯಂತ್ರ ಇಟ್ಟು ನೋಡಿದರು. 2020ರಲ್ಲಿ ವರದಿ ಬಂತು. 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರ ತಿರಸ್ಕರಿಸಿತ್ತು. ಅಂಥವರು ಇನ್ನೊಂದು ದಿನ ಬೇರೆ ಊರಿನ ತಜ್ಞರ ಹತ್ತಿರ ಹೋಗಬೇಕಿತ್ತು. ಕೂಲಿ ಬಿಟ್ಟು ಯಾರು ಹೋಗುತ್ತಾರೆ ಹೇಳಿ? ಲ್ಯಾಬಿನಲ್ಲಿ ಚೆನ್ನಾಗಿ ಓಡಿದ ಯಂತ್ರ ಕ್ಲಿನಿಕ್ಕಿನಲ್ಲಿ ಮುಗ್ಗರಿಸಿದ್ದು ಇಲ್ಲೇ.

ಬಲಗಣ್ಣಿಗೆ ಬಂದರೆ, ಇಂಥ ಯಂತ್ರಗಳು ಸಾಮಾನ್ಯವಾಗಿ ಶುಗರಿನಿಂದ ರೆಟಿನಾಗೆ, ಅಂದರೆ ಕಣ್ಣಿನ ಹಿಂಭಾಗದ ಒಳಪರದೆಗೆ ಆಗುವ ಹಾನಿಯನ್ನು ಮಾತ್ರ ಹುಡುಕುತ್ತವೆ. ಕಣ್ಣಿನ ಒತ್ತಡ ಅಳೆಯುವುದಿಲ್ಲ. "ತೊಂದರೆ ಇಲ್ಲ" ಅನ್ನುವ ಮಾತಿಗೆ ಅಷ್ಟೇ ಬೆಲೆ ಕೊಡಿ. ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಎರಡೂ ಕಣ್ಣು ತೋರಿಸಲೇಬೇಕು. ಈ ಕಾಯಿಲೆ ಶುರುವಿನಲ್ಲಿ ನೋಯುವುದೂ ಇಲ್ಲ, ಮಂಜಾಗುವುದೂ ಇಲ್ಲ.

ಯಂತ್ರವೇ ಬೇಡ ಅಂತ ಮಾತ್ರ ಅನ್ನಬೇಡಿ. ನಾನೊಬ್ಬನೇ ಒಂದು ತಾಲ್ಲೂಕು ಸುತ್ತುತ್ತೇನೆ. ಯಂತ್ರ ಹಿಡಿದುಕೊಟ್ಟ ಕಣ್ಣುಗಳು ನನ್ನ ಲೆಕ್ಕದಲ್ಲೂ ಇವೆ.

ಮಲ್ಲೇಶ್ವರ8ನೇಅಡ್ಡರಸ್ತೆ ಬರೆದದ್ದು:

ಫೋಟೋ ಇಟ್ಟುಕೊಂಡರೆ ತಪ್ಪೇನು? ಅದರಿಂದಲೇ ಅಲ್ವಾ ಯಂತ್ರ ಕಲಿಯುವುದು? 2016ರಲ್ಲಿ ಇಂಥ ಯಂತ್ರದ ಬಗ್ಗೆ ಗೂಗಲ್‌ನವರ ಪ್ರಬಂಧ ಬಂದಾಗ ಸುಮಾರು 1,28,000 ಚಿತ್ರ ಬಳಸಿದ್ದರು. ಅದರಲ್ಲಿ ಮಧುರೈನ ಅರವಿಂದ, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ನಾರಾಯಣ ನೇತ್ರಾಲಯದ ಚಿತ್ರಗಳೂ ಇದ್ದವು. ನಮ್ಮ ಜನರ ಕಣ್ಣು ನೋಡದ ಯಂತ್ರ ನಮಗೆ ಕೆಲಸಕ್ಕೆ ಬರುತ್ತಾ? ಹೆಸರು ತೆಗೆದರೆ ಸಾಕು.

ದತ್ತಾಂಶ_ಕೆಲಸಗಾರ ಬರೆದದ್ದು:

ನಮ್ಮ ಜನರ ಚಿತ್ರ ಬೇಕು, ಒಪ್ಪುತ್ತೇನೆ. ಆದರೆ ಹೆಸರು ತೆಗೆದರೆ ಸಾಕು ಅನ್ನುವುದು ಅಷ್ಟು ಸುಲಭ ಅಲ್ಲ. 2018ರಲ್ಲಿ ಅದೇ ಗೂಗಲ್ ಸಂಶೋಧಕರು ರೆಟಿನಾ ಫೋಟೋ ಒಂದರಿಂದಲೇ ವಯಸ್ಸು, ಹೆಣ್ಣೋ ಗಂಡೋ, ಸಿಗರೇಟು ಸೇದುತ್ತಾರಾ ಅಂತೆಲ್ಲ ಯಂತ್ರ ಅಂದಾಜು ಮಾಡುತ್ತೆ ಅಂತ ತೋರಿಸಿದರು. ಕಣ್ಣಿನ ಡಾಕ್ಟರಿಗೂ ಕಾಣದ್ದು ಅದರಲ್ಲಿದೆ. ಹಾಗಾಗಿ ಕೇಳಿ ತಗೊಳ್ಳಬೇಕು.

ಹೊಂಗೆನೆರಳು ಅವರೇ, ಆಭಾ ಅನ್ನುವುದು 14 ಅಂಕಿಯ ಒಂದು ಸಂಖ್ಯೆ. ವರದಿಗಳು ಅದನ್ನು ಮಾಡಿದ ಆಸ್ಪತ್ರೆಯಲ್ಲೇ ಇರುತ್ತವೆ. ಅಮ್ಮ ಒಪ್ಪಿದರೆ ಮಾತ್ರ ಇನ್ನೊಬ್ಬರಿಗೆ ತೋರಿಸಬೇಕು ಅನ್ನುವುದು ವ್ಯವಸ್ಥೆ. ಕಡ್ಡಾಯ ಏನಲ್ಲ, ಬೇಡವಾದರೆ ಅಳಿಸಬಹುದು. ಅವಸರ ಬೇಡ, ಅಮ್ಮನನ್ನೇ ಕೇಳಿ ತೀರ್ಮಾನಿಸಿ.

ಸಹಿ ಹಾಕಿದ ಹಾಳೆ ಬೇರೆ ವಿಷಯ. ಅದರ ಪ್ರತಿ ಕೇಳಿ. ಫೋಟೋ ತಪಾಸಣೆಗೆ ಮಾತ್ರವೋ, ಯಂತ್ರಕ್ಕೆ ಕಲಿಸಲೂ ಬಳಸುತ್ತಾರೋ ಅಂತ ಬರೆದು ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡವೂ ಅದರಲ್ಲಿದೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ಪಡೆಯಲೂ ಆಗಬೇಕು. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಜಾರಿ ಹಂತ ಹಂತವಾಗಿ. ಆದರೂ ಈಗಲೇ ಕೇಳಿ. ಯಾರೂ ಕೇಳದಿದ್ದರೆ ಕನ್ನಡದ ಹಾಳೆ ಅಚ್ಚಾಗುವುದೇ ಇಲ್ಲ.

ಆಶಾ_ಅಕ್ಕ ಬರೆದದ್ದು:

ನಾನು ಆಶಾ ಕಾರ್ಯಕರ್ತೆ. ಓದಿ ಮನಸ್ಸಿಗೆ ಕಷ್ಟ ಆಯ್ತು, ಯಾಕೆಂದರೆ ಶಿಬಿರಕ್ಕೆ ಜನರನ್ನು ಕರೆತರುವವಳು ನಾನೇ. ಅವರು ಓಟಿಪಿ ಹೇಳುವುದು ಯಂತ್ರ ನಂಬಿ ಅಲ್ಲ, ನನ್ನ ಮುಖ ನೋಡಿ. ಹೆರಿಗೆಗೆ ಜೊತೆಗೆ ಹೋದವಳು, ಮಗುವಿಗೆ ಲಸಿಕೆ ಹಾಕಿಸಿದವಳು ಅಂತ.

ಈಗ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಹಾಳೆಯಲ್ಲಿ ಏನಿದೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳುತ್ತೇನೆ. ಅದನ್ನು ನಮ್ಮ ಮಾತಿನಲ್ಲಿ ಹೇಳಿ, "ಏನು ಅರ್ಥ ಆಯ್ತು, ನೀವು ಹೇಳಿ" ಅನ್ನುತ್ತೇನೆ. ಸಾಲು ಉದ್ದ ಆಗುತ್ತೆ, ಬೈತಾರೆ. "ಸ್ಪಷ್ಟವಿಲ್ಲ" ಅಂತ ಬಂದವರ ಹೆಸರು ನನ್ನ ಪುಸ್ತಕದಲ್ಲಿ ಬರೆದಿಡುತ್ತೇನೆ. ಅವರು ದೊಡ್ಡಾಸ್ಪತ್ರೆಗೆ ಹೋಗಿ ಬಂದ ಮೇಲೇ ಗೀಟು ಎಳೆಯುವುದು. ಈಗ ಏಳು ಹೆಸರು ಬಾಕಿ ಇವೆ.

ಹೊಂಗೆನೆರಳು ಬರೆದದ್ದು:

ಎಲ್ಲರಿಗೂ ಧನ್ಯವಾದ. ಶನಿವಾರ ಅಮ್ಮನನ್ನು ತುಮಕೂರಿಗೆ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ನೋಡಿದರು. ಎಡಗಣ್ಣಿನಲ್ಲಿ ಪೊರೆ ಇದೆ. ಅದರ ಹಿಂದೆ ರೆಟಿನಾದಲ್ಲಿ ಬದಲಾವಣೆ ಶುರುವಾಗಿದೆ, ಸಮಯಕ್ಕೆ ಬಂದಿರಿ ಅಂದರು. ಬಲಗಣ್ಣು ಯಂತ್ರ ಹೇಳಿದ ಹಾಗೇ ಚೆನ್ನಾಗಿದೆ.

ಆಭಾ ಇರಲಿ ಅಂದರು ಅಮ್ಮ, ಹಳೆ ಚೀಟಿಗಳೆಲ್ಲ ಕಳೆದುಹೋಗುತ್ತವೆ ಅಂತ. ಶಿಬಿರದವರಿಗೆ ಪತ್ರವನ್ನು ಅಮ್ಮನೇ ಕನ್ನಡದಲ್ಲಿ ಬರೆದರು, ಒಂದೂವರೆ ಪುಟ. ಫೋಟೋ ಎಲ್ಲಿದೆ ಅಂತ ಕೇಳಿದ್ದಾರೆ. ಒಂಬತ್ತು ದಿನ ಆಯ್ತು, ಉತ್ತರ ಬಂದಿಲ್ಲ.

ಆಶಾ ಅಕ್ಕ, ನಮ್ಮ ಪಕ್ಕದ ಮನೆಯವರ ಚೀಟಿಯಲ್ಲೂ ಒಂದು ಕಣ್ಣಿಗೆ "ಸ್ಪಷ್ಟವಿಲ್ಲ" ಅಂತಲೇ ಇದೆ. ಬರುವ ವಾರ ಅಮ್ಮ ಅವರನ್ನು ಕರೆದುಕೊಂಡು ಹೋಗುತ್ತಾರೆ.