ಇಪ್ಪತ್ತು ವರ್ಷಕ್ಕೆ ಅಂತ ಮುತ್ತಿನ ಹಾರ ಕೊಳ್ಳಬಹುದಾ? ಕೊಂಡವರು, ಮಾರಿದವರು ಹೇಳಿ

ಕೇಳಿದವರು:

ಸ್ವಲ್ಪ ಉಳಿತಾಯದ ಹಣ ಕೈಯಲ್ಲಿದೆ. ಅದರಲ್ಲಿ ಒಂದು ಪಾಲನ್ನು ಒಳ್ಳೆಯ ಮುತ್ತಿನ ಹಾರಕ್ಕೆ ಹಾಕಿ ಇಪ್ಪತ್ತು ವರ್ಷ ಇಟ್ಟುಕೊಳ್ಳೋಣ ಅಂತ ಯೋಚನೆ. ‘ಮುತ್ತಿನ ಬೆಲೆ ಯಾವತ್ತೂ ಇಳಿಯಲ್ಲ’ ಅಂತ ಮಾರುವವರು ಹೇಳುತ್ತಾರೆ. ಚಿನ್ನದ ಹಾಗೆ ಬೇಕಾದಾಗ ಮಾರಿ ಹಣ ಮಾಡಿಕೊಳ್ಳಬಹುದಾ? ಕೊಂಡವರು, ಮಾರಿದವರು, ಮನೆಯಲ್ಲಿ ಹಳೆಯ ಮುತ್ತು ಇರುವವರು ದಯವಿಟ್ಟು ಅನುಭವ ಹೇಳಿ.

ಹಳೆಯ ಒಡವೆ ಕೊಂಡು ಮಾರುವವರು:

ಮೊದಲು ನೇರ ಉತ್ತರ. ಹಾಕಿಕೊಳ್ಳುವ ಆಸೆ ಇದ್ದರೆ ಖಂಡಿತ ಕೊಳ್ಳಿ. ಹೂಡಿಕೆ ಅನ್ನೋ ಲೆಕ್ಕಕ್ಕಾದರೆ ಬೇಡ. ಮುತ್ತು ಅಂದರೆ ನನಗೆ ಪ್ರಾಣ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿನ್ನಕ್ಕೆ ದಿನಾ ಒಂದು ದರ ಇರುತ್ತದೆ. ತೂಕ ಹಾಕಿ, ಶುದ್ಧತೆ ನೋಡಿ, ಗುಣಿಸಿದರೆ ಬೆಲೆ ಬಂತು. ಮುತ್ತಿಗೆ ಅಂಥ ದರವೇ ಇಲ್ಲ. ಒಂದೇ ಅಳತೆಯ ಎರಡು ಹಾರ ಪಕ್ಕಪಕ್ಕ ಇಟ್ಟರೆ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇರಬಹುದು. ರತ್ನಗಳನ್ನು ಪರೀಕ್ಷಿಸುವ ಜಿಐಎ ಸಂಸ್ಥೆ ಮುತ್ತಿನಲ್ಲಿ ಏಳು ಅಂಶ ನೋಡುತ್ತದೆ: ಗಾತ್ರ, ಆಕಾರ, ಬಣ್ಣ, ಹೊಳಪು, ಮೈ ಎಷ್ಟು ಚೊಕ್ಕಟ, ಮುತ್ತು ಕಟ್ಟಿಕೊಂಡ ಪದರದ ಗುಣ, ಮತ್ತೆ ಹಾರದಲ್ಲಿ ಮುತ್ತುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ. ಗಾತ್ರ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವನ್ನೂ ಪಳಗಿದ ಕಣ್ಣೇ ತೂಗಬೇಕು. ಅಂಗಡಿಗಳಲ್ಲಿ ‘ಎಎಎ’ ಅಂತ ಬರೆದಿರುತ್ತಾರಲ್ವಾ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬರ ಎಎಎ ಇನ್ನೊಬ್ಬರ ಎಎ. ನೀವು ಕೊಳ್ಳುವಾಗ ಅಂಗಡಿಯ ಬೆಲೆ ಕೊಡುತ್ತೀರಿ. ಮಾರುವಾಗ ನಿಮಗೆ ಸಿಗುವುದು ವ್ಯಾಪಾರಿ ಕೊಡುವ ಬೆಲೆ. ಇವೆರಡರ ನಡುವಿನ ಕಂದಕ ಚಿನ್ನಕ್ಕಿಂತ ತುಂಬಾ ಜಾಸ್ತಿ. ಕೆಲವೊಮ್ಮೆ ಇಪ್ಪತ್ತು ವರ್ಷವೂ ಅದನ್ನು ತುಂಬಿಸುವುದಿಲ್ಲ.

ಇನ್ನು ‘ಯಾವತ್ತೂ ಇಳಿಯಲ್ಲ’ ಅನ್ನುವ ಮಾತು. 1917ರಲ್ಲಿ ನ್ಯೂಯಾರ್ಕಿನ ಸಿರಿವಂತ ಮಾರ್ಟನ್ ಪ್ಲಾಂಟ್, ಫಿಫ್ತ್ ಅವೆನ್ಯೂದಲ್ಲಿದ್ದ ತನ್ನ ಬಂಗಲೆಯನ್ನು ಕಾರ್ಟಿಯೇ ಅನ್ನುವ ಒಡವೆ ಕಂಪನಿಗೆ ಬಿಟ್ಟುಕೊಟ್ಟ. ಬದಲಿಗೆ ಪಡೆದದ್ದು ನೂರು ಡಾಲರ್ ಮತ್ತು ಹೆಂಡತಿಗೆ ಎರಡೆಳೆಯ ಒಂದು ಮುತ್ತಿನ ಹಾರ. 128 ಸಹಜ ಮುತ್ತು, ಆಗಿನ ಬೆಲೆ ಹತ್ತು ಲಕ್ಷ ಡಾಲರ್. ಆ ಹಾರ 1957ರಲ್ಲಿ ಹರಾಜಿಗೆ ಬಂದಾಗ ಎರಡು ಲಕ್ಷ ಡಾಲರ್ ಕೂಡ ಮುಟ್ಟಲಿಲ್ಲ. ಬಂಗಲೆಯಲ್ಲಿ ಮಾತ್ರ ಇವತ್ತಿಗೂ ಕಾರ್ಟಿಯೇ ಅಂಗಡಿ ಇದೆ.

ನಡುವೆ ಆಗಿದ್ದೇನು? ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲೇ ಚಿಪ್ಪಿನಲ್ಲಿ ಅರ್ಧಗೋಳದ ಮುತ್ತು ಬೆಳೆಸಿ ತೋರಿಸಿದ್ದರು. ಪೂರ್ತಿ ದುಂಡಗಿನ ಕೃಷಿ ಮುತ್ತುಗಳು 1920ರ ದಶಕದಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದವು. ಹೊರಗಿನಿಂದ ನೋಡಿದರೆ ಯಾವುದು ಸಮುದ್ರದಲ್ಲಿ ತಾನಾಗಿ ಆದದ್ದು, ಯಾವುದು ಬೆಳೆಸಿದ್ದು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ 1929ರ ಷೇರು ಕುಸಿತ ಬಂತು. ಮುತ್ತನ್ನೇ ನಂಬಿಕೊಂಡಿದ್ದ ಬಹ್ರೇನ್, ಕುವೈತ್‌ನಂಥ ಊರುಗಳ ಬದುಕೇ ಅಲ್ಲಾಡಿತು. ಮೂಗು ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿದು ಚಿಪ್ಪು ತರುತ್ತಿದ್ದ ಜನ ಅವರು. ಬಹ್ರೇನ್‌ನಲ್ಲಿ 1932ರಲ್ಲಿ ಎಣ್ಣೆ ಸಿಗದಿದ್ದರೆ ಅಲ್ಲಿನವರ ಗತಿ ಏನಾಗುತ್ತಿತ್ತೋ.

ಈಗ ಅಂಗಡಿಗಳಲ್ಲಿ ನೀವು ನೋಡುವುದು ಹೆಚ್ಚುಕಡಿಮೆ ಎಲ್ಲವೂ ಕೃಷಿ ಮುತ್ತೇ. ಅಂದರೆ ಬೇಡಿಕೆ ಬಂದರೆ ಇನ್ನಷ್ಟು ಬೆಳೆಸಬಹುದು. ಹೂಡಿಕೆಗೆ ಯಾಕೆ ಬೇಡ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ.

ತಾಯಿಯ ಹಾರ ಮಾರಲು ಹೋದವರು:

ನನ್ನದು ಮಾರುವ ಕಡೆಯ ಅನುಭವ. ಅಮ್ಮನ ಹಾರ ಇತ್ತು. ಒಂದೆಳೆ, ಸುಮಾರು ಏಳು ಮಿಲಿಮೀಟರಿನ ಅಕೋಯಾ ಮುತ್ತು (ಜಪಾನಿನಲ್ಲಿ ಸಮುದ್ರದ ಚಿಪ್ಪಿನಲ್ಲಿ ಬೆಳೆಸುವ ಜಾತಿ), ಚಿನ್ನದ ಕೊಂಡಿ. ಅಕ್ಕ ತಂಗಿಯರಲ್ಲಿ ಯಾರೂ ಹಾಕುತ್ತಿರಲಿಲ್ಲ. ಮಾರಿ ಹಂಚಿಕೊಳ್ಳೋಣ ಅಂತ ತೀರ್ಮಾನ ಆಯಿತು.

ಮೊದಲನೇ ಅಂಗಡಿಯವರು ಹಾರವನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. ಕೊಂಡಿಯನ್ನು ಭೂತಗನ್ನಡಿ ಹಿಡಿದು ನೋಡಿದರು. ಅದರ ಒಳಗಿನ ಮುದ್ರೆ ಓದಿದರು. ‘ಕೊಂಡಿಗೆ ಇಷ್ಟು ಕೊಡ್ತೀವಿ, ಮುತ್ತು ನೀವೇ ಇಟ್ಟುಕೊಳ್ಳಿ’ ಅಂದರು. ನಾನು ನಿಂತ ಹಾಗೇ ನಿಂತೆ. ಅಮ್ಮ ಹಬ್ಬಕ್ಕೂ ಜೋಪಾನ ಮಾಡಿ ತೆಗೆಯುತ್ತಿದ್ದ ಹಾರ ಅದು. ಬೇರೆ ಕಡೆ ಮುತ್ತಿಗೂ ಬೆಲೆ ಹೇಳಿದರು, ಆದರೆ ಒಬ್ಬೊಬ್ಬರದು ಒಂದೊಂದು. ಕೆಲವರು ಖರೀದಿ ಚೀಟಿ ಕೇಳಿದರು. ಕೆಲವರು ಪರೀಕ್ಷೆಯ ಪತ್ರ ಇದೆಯಾ ಅಂದರು. ಯಾವುದೂ ಇರಲಿಲ್ಲ.

ಕೊನೆಗೆ ಮಾರಲಿಲ್ಲ. ಹಾರವನ್ನು ಬಿಡಿಸಿ ಮೂವರಿಗೂ ಕಿವಿಗೆ, ಕೈಗೆ ಆಗುವಂತೆ ಮಾಡಿಸಿದೆವು. ಈಗ ಮೂವರೂ ಹಾಕುತ್ತೇವೆ. ಪ್ರಶ್ನೆ ಕೇಳಿದವರಿಗೆ ಹೇಳುವುದಿಷ್ಟೆ: ಕೊಳ್ಳುವ ಮೊದಲು ಸುಮ್ನೆ ಅದೇ ಅಂಗಡಿಯಲ್ಲಿ ‘ನಾಳೆ ಇದನ್ನೇ ತಂದರೆ ಎಷ್ಟಕ್ಕೆ ವಾಪಸ್ ತಗೊಳ್ತೀರಿ?’ ಅಂತ ಕೇಳಿ. ಬರೆದುಕೊಡಿ ಅನ್ನಿ. ಅಲ್ಲೇ ಉತ್ತರ ಸಿಗುತ್ತದೆ.

ಮುತ್ತು ಪೋಣಿಸುವ ಕೆಲಸದವರು:

ಬೆಲೆಯ ವಿಷಯ ಆಯಿತು. ಇಪ್ಪತ್ತು ವರ್ಷದಲ್ಲಿ ಮುತ್ತಿಗೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ದಿನಾ ನನ್ನ ಮೇಜಿನ ಮೇಲೆ ಹಳೆಯ ಹಾರಗಳೇ ಬಂದು ಬೀಳುತ್ತವೆ.

ಮುತ್ತು ಕಲ್ಲಲ್ಲ. ಚಿಪ್ಪಿನ ಜೀವಿ ತನ್ನ ಮೈಯಿಂದ ಒಸರಿಸಿದ ತೆಳು ತೆಳು ಪದರ ಅದು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಅಂಟಿನಂಥ ಪ್ರೋಟೀನು, ಸ್ವಲ್ಪ ನೀರು. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರ 10ರಲ್ಲಿದ್ದರೆ ಮುತ್ತು ಎರಡೂವರೆಯಿಂದ ನಾಲ್ಕೂವರೆಯೊಳಗೆ. ಉಳಿದ ಒಡವೆಗಳ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಗೀರು ಗ್ಯಾರಂಟಿ. ಆಮ್ಲ ಅಂದರೆ ಅದಕ್ಕೆ ಆಗುವುದೇ ಇಲ್ಲ. ಬೆವರು, ಸೆಂಟು, ಕೂದಲಿಗೆ ಹೊಡೆಯುವ ಸ್ಪ್ರೇ ಎಲ್ಲವೂ ನಿಧಾನವಾಗಿ ಹೊಳಪು ತಿನ್ನುತ್ತವೆ.

ಅಕೋಯಾ ಮುತ್ತಿನ ಒಳಗೆ ಒಂದು ಗುಂಡು ಇರುತ್ತದೆ. ಸಿಹಿನೀರಿನ ದಪ್ಪ ಚಿಪ್ಪನ್ನು ಕೊರೆದು ಮಾಡಿದ್ದು. ಅದಕ್ಕೆ ಬಹಳ ಕಾಲದಿಂದ ಅಮೆರಿಕದ ಮಿಸಿಸಿಪಿ ಕಡೆಯ ಚಿಪ್ಪೇ ಹೆಸರುವಾಸಿ. ಅದರ ಮೇಲೆ ಮುತ್ತಿನ ಪದರ ಬೆಳೆಯುತ್ತದೆ. ಎಂಟು ಮಿಲಿಮೀಟರಿನ ಒಳ್ಳೆಯ ಅಕೋಯಾದಲ್ಲೂ ಆ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಬೇಗ ಕೊಯ್ಲು ಮಾಡಿದ್ದಾದರೆ ಇನ್ನೂ ತೆಳು. ಅಂಥ ಹಾರವನ್ನು ಬಿಚ್ಚಿದಾಗ ಮೊದಲು ನಾನು ನೋಡುವುದು ತೂತಿನ ಬಾಯಿ. ದಾರ ಉಜ್ಜಿ ಉಜ್ಜಿ ಅಲ್ಲಿ ಪದರ ಎದ್ದಿರುತ್ತದೆ. ಉಗುರು ತಾಗಿಸಿದರೆ ಸಣ್ಣ ಚಕ್ಕೆ ಕಳಚಿ ಬರುತ್ತದೆ. ಒಳಗಿನ ಮಂಕು ಬಿಳಿ ಗುಂಡು ಕಾಣುತ್ತದೆ. ಹಾಗಾದ ಮುತ್ತನ್ನು ಸರಿಮಾಡಲು ಯಾರಿಂದಲೂ ಆಗುವುದಿಲ್ಲ.

ಹಾಗಂತ ಲಾಕರಿನಲ್ಲಿ ಇಟ್ಟುಬಿಟ್ಟರೆ ಕ್ಷೇಮ ಅಂದುಕೊಳ್ಳಬೇಡಿ. ತೀರಾ ಒಣಗಿದ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದರೆ ಮುತ್ತಿನ ತೇವ ಹೋಗುತ್ತದೆ. ಹಳದಿಗೆ ತಿರುಗಬಹುದು, ಕೂದಲೆಳೆಯ ಬಿರುಕು ಬೀಳಬಹುದು. ಇಡುವುದೇ ಆದರೆ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ. ಆಗಾಗ ತೆಗೆದು ಹಾಕಿಕೊಳ್ಳಿ, ಕಳಚಿದ ಮೇಲೆ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ. ರೇಷ್ಮೆ ದಾರ ಹಿಗ್ಗುತ್ತದೆ, ಕೊಳೆಯಾಗುತ್ತದೆ. ಜಾಸ್ತಿ ಹಾಕುವ ಹಾರವನ್ನು ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಪೋಣಿಸಬೇಕು. ಪ್ರತಿ ಮುತ್ತಿನ ನಡುವೆಯೂ ಗಂಟು ಇರಲೇಬೇಕು. ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ, ಉಳಿದವು ಉಜ್ಜಾಡುವುದಿಲ್ಲ. ಈ ಖರ್ಚನ್ನು ಹೂಡಿಕೆಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಇನ್ನೊಬ್ಬರು, ಸ್ವಲ್ಪ ಭಿನ್ನಾಭಿಪ್ರಾಯ:

ಎಲ್ಲರೂ ಬೇಡ ಅನ್ನುತ್ತಿದ್ದೀರಿ. ಆದರೆ 2019ರಲ್ಲಿ ಜಪಾನಿನಲ್ಲಿ ಅಕೋಯಾ ಮರಿ ಚಿಪ್ಪುಗಳು ರಾಶಿ ರಾಶಿ ಸತ್ತವು. ಆಮೇಲಿನ ವರ್ಷಗಳಲ್ಲಿ ಅಕೋಯಾ ಬೆಲೆ ಚೆನ್ನಾಗಿ ಏರಿತು. ನಾನು ಅದಕ್ಕೂ ಮೊದಲು ಹರಾಜಿನಲ್ಲಿ ಬಳಸಿದ ಹಾರ ಕೊಂಡಿದ್ದೆ. ಆಮೇಲೆ ಮಾರಿದಾಗ ಕೈಕಚ್ಚಲಿಲ್ಲ, ಸ್ವಲ್ಪ ಲಾಭವೇ ಬಂತು. ಇನ್ನು ದೊಡ್ಡ ಹರಾಜುಗಳನ್ನು ನೋಡಿ. ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ಅವರ ‘ಲಾ ಪೆರೆಗ್ರಿನಾ’ ಮುತ್ತನ್ನು ಅವರ ಗಂಡ ರಿಚರ್ಡ್ ಬರ್ಟನ್ 1969ರಲ್ಲಿ 37,000 ಡಾಲರಿಗೆ ಕೊಂಡಿದ್ದರು. 2011ರಲ್ಲಿ ಅದಿರುವ ಹಾರ ಒಂದು ಕೋಟಿ ಹದಿನೆಂಟು ಲಕ್ಷ ಡಾಲರಿಗೆ ಹೋಯಿತು. ಫ್ರಾನ್ಸಿನ ಮರೀ ಆಂಟೊನೆಟ್ ರಾಣಿಯ ಮುತ್ತಿನ ಪದಕ 2018ರಲ್ಲಿ ಜಿನೀವಾದಲ್ಲಿ ಮೂರೂವರೆ ಕೋಟಿ ಡಾಲರ್ ದಾಟಿತು.

ಹಳೆಯ ಒಡವೆ ಕೊಂಡು ಮಾರುವವರು:

ನಿಮ್ಮ ಮಾತಿನಲ್ಲಿ ಒಂದು ಒಳ್ಳೆಯ ಅಂಶ ಇದೆ, ಅದನ್ನು ಒಪ್ಪುತ್ತೇನೆ. ಬಳಸಿದ ಹಾರವನ್ನು ಹರಾಜಿನಲ್ಲಿ ಕೊಂಡರೆ ಅಂಗಡಿಯ ಲಾಭದ ಭಾರ ನಿಮ್ಮ ಮೇಲೆ ಬೀಳುವುದಿಲ್ಲ. ನಿಮಗೆ ಲಾಭ ಬಂದದ್ದಕ್ಕೆ ಚಿಪ್ಪು ಸತ್ತದ್ದು ಎಷ್ಟು ಕಾರಣವೋ, ಇದೂ ಅಷ್ಟೇ ಕಾರಣ. ಹರಾಜು ಮನೆಯವರ ಕಮಿಷನ್ ಎಷ್ಟು ಅಂತ ಮಾತ್ರ ಮೊದಲೇ ನೋಡಿಕೊಳ್ಳಬೇಕು. ಕೊಳ್ಳುವವರಿಂದಲೂ ತಗೊಳ್ಳುತ್ತಾರೆ, ಮಾರುವವರಿಂದಲೂ ತಗೊಳ್ಳುತ್ತಾರೆ.

ಆದರೆ ಲಾ ಪೆರೆಗ್ರಿನಾ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಅದು ಹದಿನಾರನೇ ಶತಮಾನದ ಸಹಜ ಮುತ್ತು. ಸ್ಪೇನಿನ ರಾಜಮನೆತನದಲ್ಲಿ ಇದ್ದದ್ದು, ಆಮೇಲೆ ಟೇಲರ್ ಕೊರಳಲ್ಲಿ ಇದ್ದದ್ದು. ಜನ ಹಣ ಕೊಟ್ಟಿದ್ದು ಆ ಚರಿತ್ರೆಗೆ ಕೂಡ. ಮರೀ ಆಂಟೊನೆಟ್ ಪದಕಕ್ಕೂ ಇದೇ ಮಾತು. ಹೊಸ ಕೃಷಿ ಮುತ್ತಿಗೆ ಆ ಬೆಲೆಯ ದಾರಿ ಇಲ್ಲ.

ಅಕೋಯಾ ಏರಿದ ಹಾಗೇ ಪೆಸಿಫಿಕ್ ಸಾಗರದ ತಾಹಿತಿ ಕಡೆಯ ಕಪ್ಪು ಮುತ್ತು ಇಳಿದದ್ದನ್ನೂ ಹೇಳಬೇಕು. 1980ರ ದಶಕದಲ್ಲಿ ಅದು ಅಪರೂಪದ ವಸ್ತು. ಲಾಭ ಕಂಡು ದ್ವೀಪ ದ್ವೀಪದಲ್ಲೂ ಸಾಕಣೆ ಶುರುವಾಯಿತು. ಮಾರುಕಟ್ಟೆ ತುಂಬಿ ತುಳುಕಿತು. 2000ದ ಹೊತ್ತಿಗೆ ಬೆಲೆ ಕುಸಿದು ಎಷ್ಟೋ ಸಾಕಣೆಗಾರರು ಬಾಗಿಲು ಹಾಕಿದರು. ದುಬಾರಿ ಕಾಲದಲ್ಲಿ ಕೊಂಡವರ ಹಾರ ಇವತ್ತಿಗೂ ಅಷ್ಟೇ ಚೆಂದ, ಆದರೆ ಬೆಲೆ ಹಿಂದಕ್ಕೆ ಬರಲಿಲ್ಲ. ಚೀನಾದ ಸಿಹಿನೀರಿನ ಮುತ್ತು ಇನ್ನೊಂದು ಕಥೆ. ಒಂದು ಕಾಲದಲ್ಲಿ ಅಕ್ಕಿ ಕಾಳಿನಂತೆ ಸೊಟ್ಟಪಟ್ಟ ಇರುತ್ತಿದ್ದವು. ಈಗ ದುಂಡಗೆ, ದೊಡ್ಡದಾಗಿ, ಒಳ್ಳೆಯ ಹೊಳಪಿನಲ್ಲಿ ಬರುತ್ತಿವೆ. ಒಂದೇ ಚಿಪ್ಪಿನಲ್ಲಿ ಹತ್ತಾರು ಮುತ್ತು ಬೆಳೆಯುತ್ತವೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಇನ್ನೇನು ಬೆಳೆಸುತ್ತಾರೋ ಯಾರು ಕಂಡರು?

ಕೇಳಿದವರು:

ತುಂಬಾ ಉಪಕಾರ ಆಯಿತು. ಹೂಡಿಕೆ ಹಣವನ್ನು ಬೇರೆ ಕಡೆಗೆ ಇಡುತ್ತೇನೆ. ಆದರೆ ಹಾರದ ಆಸೆ ಹೋಗಿಲ್ಲ. ಚಿಕ್ಕ ಮೊತ್ತದಲ್ಲಿ, ಹಾಕಿಕೊಳ್ಳಲು ಅಂತಲೇ ಒಂದು ಕೊಳ್ಳುತ್ತೇನೆ. ಮುಂದೆ ಮಾರಬೇಕಾಗಿ ಬಂದರೂ ಪೂರ್ತಿ ಮುಳುಗಬಾರದು. ಏನು ನೋಡಲಿ?

ಮುತ್ತು ಪೋಣಿಸುವ ಕೆಲಸದವರು:

ಹೊಳಪಿಗೆ ಮೊದಲ ಜಾಗ ಕೊಡಿ. ಗಾತ್ರಕ್ಕೆ ಮರುಳಾಗಬೇಡಿ. ದೀಪದ ಕೆಳಗೆ ಮುತ್ತಿನಲ್ಲಿ ನಿಮ್ಮ ಬೆರಳಿನ, ದೀಪದ ಪ್ರತಿಬಿಂಬ ಸ್ಪಷ್ಟವಾಗಿ ಕಾಣಬೇಕು. ಅಂಚು ಮಸುಕಾಗಿ, ಸೀಮೆಸುಣ್ಣದ ಬಿಳಿ ಕಂಡರೆ ಪದರ ತೆಳು ಅಥವಾ ಗುಣ ಕಡಿಮೆ. ಅಂಗಡಿಯ ಬೆಳಕು ನಂಬಬೇಡಿ, ಕಿಟಕಿ ಹತ್ತಿರ ಹಗಲಿನಲ್ಲಿ ನೋಡಿ. ಹಾರವನ್ನು ಬಿಳಿ ಬಟ್ಟೆಯ ಮೇಲೆ ಹಾಸಿ ನಿಧಾನಕ್ಕೆ ಉರುಳಿಸಿ. ದುಂಡಗಿಲ್ಲದ್ದು ಓಲಾಡುತ್ತದೆ, ಬಣ್ಣ ಹೊಂದದ್ದು ತಾನಾಗಿ ಎದ್ದು ಕಾಣುತ್ತದೆ.

ತೂತಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಬಣ್ಣ ಹಾಕಿದ ಮುತ್ತು. ಕಡು ಹೊಂಬಣ್ಣದ, ಕಡು ಕಪ್ಪಿನ ಮುತ್ತಿನಲ್ಲಿ ಇದನ್ನು ತಪ್ಪದೆ ನೋಡಿ. ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿದರೆ ಸಣ್ಣ ಮರಳಿನ ತರಹ ತರಿ ಸಿಗಬೇಕು. ಗಾಜು, ಪ್ಲಾಸ್ಟಿಕ್ ಆದರೆ ಜಾರುತ್ತದೆ. ಈ ಪರೀಕ್ಷೆ ನಕಲಿಯನ್ನು ಮಾತ್ರ ಹಿಡಿಯುತ್ತದೆ. ಸಹಜವೋ ಕೃಷಿಯದೋ ಅಂತ ಹೇಳುವುದಿಲ್ಲ.

ಹಳೆಯ ಒಡವೆ ಕೊಂಡು ಮಾರುವವರು:

ಯಾರಾದರೂ ‘ಇದು ಸಹಜ ಮುತ್ತು’ ಅಂತ ದೊಡ್ಡ ಬೆಲೆ ಹೇಳಿದರೆ ಪ್ರಯೋಗಾಲಯದ ಎಕ್ಸ್-ರೇ ವರದಿ ಇಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ. ಒಳಗೆ ಗುಂಡು ಇದೆಯಾ, ಪದರ ಹೇಗೆ ಬೆಳೆದಿದೆ ಅಂತ ಅದರಲ್ಲೇ ಗೊತ್ತಾಗುವುದು. ಕಣ್ಣಿಗೆ ಗೊತ್ತಾಗುತ್ತದೆ ಅನ್ನುವವರನ್ನು ನಂಬಬೇಡಿ.

ಕೃಷಿ ಮುತ್ತಿಗೆ ಚೀಟಿಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಯಾವ ಜಾತಿಯ ಮುತ್ತು, ಸಮುದ್ರದ್ದೋ ಸಿಹಿನೀರಿನದೋ, ಮಿಲಿಮೀಟರಿನಲ್ಲಿ ಗಾತ್ರ, ಬಣ್ಣ ಸಹಜವೋ ಹಾಕಿದ್ದೋ, ಕೊಂಡಿಯ ಲೋಹ ಮತ್ತು ಅದರ ತೂಕ. ‘ಪ್ಯೂರ್ ಪರ್ಲ್’ ಅಂತ ಬರೆದ ಚೀಟಿಗೆ ಅರ್ಥವೇ ಇಲ್ಲ. ಹಾರ ಕೊಂಡ ದಿನವೇ ಹಗಲು ಬೆಳಕಿನಲ್ಲಿ ಒಂದು ಫೋಟೊ ತೆಗೆದು ಚೀಟಿಯ ಜೊತೆ ಇಡಿ. ಪೋಣಿಸಲು ಕೊಡುವಾಗ ಮುತ್ತುಗಳನ್ನು ಅವರೆದುರಿಗೇ ಎಣಿಸಿ ಕೊಡಿ, ವಾಪಸ್ ತಗೊಳ್ಳುವಾಗಲೂ ಎಣಿಸಿ.