ಅಗ್ಗದ ಮೈಲ್ಡ್ ಸಿಗಾರ್: ಅರ್ಧದವರೆಗೆ ಹಿತ, ಆಮೇಲೆ ಕಹಿ. ತಪ್ಪು ಯಾರದ್ದು?

ಸಂಜೆಗಾಳಿ

ಕಡಿಮೆ ಬೆಲೆಯ ಮೈಲ್ಡ್ ಸಿಗಾರ್ ಒಂದು ಕಟ್ಟು ತಂದಿದ್ದೇನೆ. ಕನೆಕ್ಟಿಕಟ್ ಶೇಡ್ ರ‍್ಯಾಪರ್, ಅಂದರೆ ನೆರಳಲ್ಲಿ ಬೆಳೆಸಿದ ತೆಳು ಎಲೆಯ ಹೊರಹೊದಿಕೆ. ರೊಬಸ್ಟೊ ಅಳತೆ, ಅಂದರೆ 5 ಇಂಚು ಉದ್ದ, ದಪ್ಪ 50 ರಿಂಗ್ (ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ). ತಿಳಿ ಕಂದು ಬಣ್ಣ. ಒಂದೆರಡು ನರ ದಪ್ಪಗೆ ಎದ್ದಿವೆ, ಅದು ಬಿಟ್ಟರೆ ನೋಡಲು ಚೆನ್ನಾಗೇ ಇದೆ. ಹಚ್ಚುವ ಮುಂಚೆ ಮೂಸಿದರೆ ಒಣಹುಲ್ಲಿನ ವಾಸನೆ.

ಶುರುವಿನಲ್ಲಿ ಹೊಗೆ ನುಣುಪಾಗಿತ್ತು, ಬೆಣ್ಣೆಯ ಹಾಗೆ. ಮಧ್ಯಕ್ಕೆ ಬರುವಷ್ಟರಲ್ಲಿ ಸಪ್ಪೆ. ಕೊನೆಯ ಭಾಗ ಬರೀ ಕಹಿ, ನಾಲಿಗೆ ತುದಿ ಚುರುಚುರು. ಒಂದು ಪಕ್ಕ ಬೇಗ ಉರಿದು ಇನ್ನೊಂದು ಪಕ್ಕ ಹಾಗೇ ನಿಲ್ಲುತ್ತಿತ್ತು. ಮತ್ತೆ ಮತ್ತೆ ಲೈಟರ್ ಹಿಡಿಯಬೇಕಾಯಿತು.

ಇದು ಅಗ್ಗದ ಮಾಲಿನ ಹಣೆಬರಹವೋ, ಇಲ್ಲ ನಾನು ಸೇದುವ ರೀತಿಯೇ ಸರಿಯಿಲ್ಲವೋ? ಉಳಿದವನ್ನು ಇಟ್ಟುಕೊಳ್ಳಲಾ, ಬಿಸಾಡಲಾ?

ಬೂದಿಬಸವ

ಬಿಸಾಡಬೇಡಿ. ನಿಮ್ಮ ದೂರು ಮೂರು, ಮೂರಕ್ಕೂ ಕಾರಣ ಒಂದೇ ಅಲ್ಲ.

ಕಹಿಯಿಂದ ಶುರು ಮಾಡೋಣ. ನನ್ನ ಅನುಮಾನ ನಿಮ್ಮ ಮೇಲೇ ಜಾಸ್ತಿ, ಬೇಜಾರು ಮಾಡಿಕೊಳ್ಳಬೇಡಿ. ಮೈಲ್ಡ್ ಸಿಗಾರ್ ಮಧ್ಯದಲ್ಲಿ ಸಪ್ಪೆ ಅನ್ನಿಸಿದಾಗ ನಾವೆಲ್ಲ ಏನು ಮಾಡುತ್ತೇವೆ? ರುಚಿ ಹುಡುಕಿಕೊಂಡು ಇನ್ನೂ ಜೋರಾಗಿ, ಇನ್ನೂ ಬೇಗ ಎಳೆಯುತ್ತೇವೆ. ಎಳೆದಷ್ಟೂ ಕೆಂಡ ಕಾಯುತ್ತದೆ, ಕಾದಷ್ಟೂ ಹೊಗೆ ಕಹಿ. ಖಾರದ ಸಿಗಾರ್ ಆದರೆ ಆ ಕಹಿಯನ್ನು ಸ್ವಲ್ಪ ಮುಚ್ಚಿಹಾಕುತ್ತದೆ. ಮೈಲ್ಡ್‌ನಲ್ಲಿ ಬಚ್ಚಿಡಲು ಜಾಗವೇ ಇಲ್ಲ. ನಿಮಿಷಕ್ಕೆ ಒಂದು ದಮ್ಮು, ಅದೂ ಮೆಲ್ಲಗೆ. ಕೈಯಲ್ಲಿ ಹಿಡಿದ ಜಾಗ ಬಿಸಿಯಾಗಿದೆ ಅನ್ನಿಸಿದರೆ ಸುಮ್ನೆ ಕೆಳಗಿಡಿ. ಆರಿಹೋದರೆ ಹೋಗಲಿ. ಬೂದಿ ಕೊಡವಿ, ಮತ್ತೆ ಹಚ್ಚುವ ಮುಂಚೆ ಒಂದು ಸಲ ಮೆಲ್ಲಗೆ ಹೊರಕ್ಕೆ ಊದಿ, ಒಳಗೆ ನಿಂತ ಹಳೆ ಹೊಗೆ ಹೋಗಲಿ.

ಓರೆ ಉರಿ. ಹಚ್ಚುವಾಗ ಬೆಂಕಿಯನ್ನು ತುದಿಗೆ ತಾಗಿಸದೆ, ಸ್ವಲ್ಪ ದೂರ ಹಿಡಿದು, ಸಿಗಾರನ್ನು ತಿರುಗಿಸುತ್ತಾ ಇಡೀ ತುದಿ ಕೆಂಪಾಗುವವರೆಗೆ ಕಾಯುತ್ತೀರಾ? ಅಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ತೇವದ್ದು. ಗಾಳಿಯಾಡದ ಡಬ್ಬಿಯಲ್ಲಿ ತೇವ ಕಾಯುವ ಪ್ಯಾಕೆಟ್ ಜೊತೆ ಶೇಕಡಾ 65 ತೇವಾಂಶದಲ್ಲಿ ಕೆಲವು ವಾರ ಇಡಿ. 70 ಅಂತ ಎಲ್ಲರೂ ಹೇಳುತ್ತಾರೆ. ತೆಳು ಕನೆಕ್ಟಿಕಟ್ ಎಲೆಗೆ ನನಗೆ ಅದು ಜಾಸ್ತಿ ಅನ್ನಿಸುತ್ತದೆ.

ಸಪ್ಪೆಗೆ ಮಾತ್ರ ಸಿಗಾರನ್ನೇ ಕೇಳಬೇಕು. ಒಂದನ್ನು ಬ್ಲೇಡಿನಿಂದ ಉದ್ದಕ್ಕೂ ಸೀಳಿ ನೋಡಿ. ತಲೆಯಿಂದ (ಬಾಯಿಗಿಡುವ ಕಡೆಯಿಂದ) ತುದಿವರೆಗೆ ಇಡೀ ಎಲೆ ಹೋಗಿದ್ದರೆ ಲಾಂಗ್ ಫಿಲ್ಲರ್ (ಫಿಲ್ಲರ್ ಅಂದರೆ ಒಳಗೆ ತುಂಬಿದ ಸೊಪ್ಪು). ಪುಡಿ, ಚೂರು ಉದುರಿದರೆ ಶಾರ್ಟ್ ಫಿಲ್ಲರ್, ಅಂದರೆ ಹೆಚ್ಚಾಗಿ ಬೇರೆ ಸಿಗಾರ್ ಸುತ್ತುವಾಗ ಉಳಿದ ತುಂಡುಗಳು. ಅವು ಬೇಗ ಉರಿಯುತ್ತವೆ, ಬಿಸಿಯೂ ಬೇಗ ಏರುತ್ತದೆ.

ದಪ್ಪ ನರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಟ್ಟಿನಲ್ಲಿ ಬರುವ ಎಷ್ಟೋ ಸಿಗಾರ್‌ಗಳು ರ‍್ಯಾಪರ್ ಬಣ್ಣವೋ ಕಲೆಯೋ ಸರಿಯಿಲ್ಲ ಅಂತ ಪೆಟ್ಟಿಗೆಗೆ ಸೇರದೆ ಹೋದವು. ಒಳಗಿನ ಸೊಪ್ಪು ಅದೇ ಇರಬಹುದು. ಬೂದಿ ಬೆಳ್ಳಗಿದ್ದರೆ ಒಳ್ಳೆ ಮಾಲು ಅನ್ನುವುದನ್ನೂ ನಾನು ನಂಬುವುದಿಲ್ಲ. ಅದು ಬೆಳೆದ ಮಣ್ಣಿನಲ್ಲಿದ್ದ ಖನಿಜಗಳ ಆಟ.

ನಾನು ನೋಡುವುದು ಇಷ್ಟು: ಎಳೆದರೆ ಸಲೀಸಾಗಿ ಬರುತ್ತದಾ, ಅಮೋನಿಯಾ ಘಾಟು ಇದೆಯಾ, ಮುಗಿದು ಅರ್ಧ ಗಂಟೆಯಾದ ಮೇಲೆ ಬಾಯಿ ಹೇಗಿದೆ. ಅಮೋನಿಯಾ ಇದ್ದರೆ ಸೊಪ್ಪು ಸರಿಯಾಗಿ ಹದಕ್ಕೆ ಬಂದಿಲ್ಲ. ಇಟ್ಟರೆ ಕಡಿಮೆಯಾಗಬಹುದು. ಅಗ್ಗದ್ದರಲ್ಲಿ ನೂರೆಂಟು ರುಚಿ ಹುಡುಕಬೇಡಿ. ಒಂದೇ ರುಚಿ ಸ್ವಚ್ಛವಾಗಿ ಕೊನೆತನಕ ನಿಂತರೆ ನಾನು ಪಾಸ್ ಮಾಡುತ್ತೇನೆ.

ಮೊಂಡುತುದಿ

ಬಸವಣ್ಣ ಹೇಳಿದ್ದು ಸರಿ, ಆದರೆ ಎಲ್ಲ ತಪ್ಪನ್ನೂ ಸೇದುವವನ ಮೇಲೆ ಹಾಕಬೇಡಿ ಮಾರಾಯ್ರೇ. ಎಷ್ಟೇ ನಿಧಾನ ಸೇದಿದರೂ ಕೊನೆಯ ಮೂರನೇ ಭಾಗದಲ್ಲಿ ಕೈಕೊಡುವ ಸಿಗಾರ್‌ಗಳು ಇವೆ. ನನ್ನ ದಾರಿ ಸುಲಭ. ಚೆನ್ನಾಗಿರುವವರೆಗೆ ಸೇದುವುದು, ಆಮೇಲೆ ಬಿಡುವುದು. ಬೆರಳು ಸುಡುವವರೆಗೆ ಸೇದಲೇಬೇಕು ಅಂತ ಎಲ್ಲೂ ಬರೆದಿಲ್ಲ ಅಲ್ವಾ? ಅರ್ಧ ಹಿತವಾಗಿದ್ದರೆ ಆ ಬೆಲೆಗೆ ಸಾಕು.

ತೆಪ್ಪಗಿರು

ಒಂದು ಮಾತು, ಉಪದೇಶ ಅಂದುಕೊಳ್ಳಬೇಡಿ. ತಿಳಿ ಬಣ್ಣ ನೋಡಿ ಇದು ದೇಹಕ್ಕೂ ಹಗುರ ಅಂತ ತೀರ್ಮಾನಿಸಬೇಡಿ. ಸಿಗಾರ್ ಹೊಗೆ ಕ್ಷಾರದ ಗುಣದ್ದು, ಆದ್ದರಿಂದ ಶ್ವಾಸಕ್ಕೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಮೈಲ್ಡ್ ಸೇದುವವರಿಗೂ ಇದೆ. ಇಡೀ ಕಟ್ಟು ಮುಗಿಸಲೇಬೇಕು ಅನ್ನುವ ಹಟ ಬೇಡ.

ಸಂಜೆಗಾಳಿ

ಒಂದನ್ನು ಸೀಳಿ ನೋಡಿದೆ. ಹೊರಗಡೆ ಉದ್ದನೆ ಎಲೆಗಳು, ನಡುವೆ ಮಾತ್ರ ಚೂರು ತುಂಬಿದ್ದಾರೆ! ಇದಕ್ಕೇನು ಹೇಳುತ್ತೀರಿ?

ಬೂದಿಬಸವ

ಅದಕ್ಕೆ ಕ್ಯೂಬನ್ ಸ್ಯಾಂಡ್‌ವಿಚ್ ಅನ್ನುತ್ತಾರೆ, ಮಿಕ್ಸೆಡ್ ಫಿಲ್ಲರ್. ಮೋಸವೇನಲ್ಲ, ಬೆಲೆ ಇಳಿಸುವ ಹಳೆ ಉಪಾಯ. ಹಾಗಾದರೆ ಮೊಂಡುತುದಿಯವರ ಮಾತಿಗೂ ಅರ್ಧ ಅಂಕ ಕೊಡುತ್ತೇನೆ. ತಲೆಯನ್ನು ಕತ್ತರಿಸುವಾಗ ಮುಚ್ಚಳದ, ಅಂದರೆ ಅಲ್ಲಿ ಅಂಟಿಸಿರುವ ಎಲೆಚೂರಿನ, ತುದಿಯನ್ನಷ್ಟೇ ತೆಗೆಯಿರಿ, ಜಾಸ್ತಿ ಕತ್ತರಿಸಿದರೆ ಚೂರು ಬಾಯಿಗೆ ಬರುತ್ತದೆ. ಉಳಿದವನ್ನು ಡಬ್ಬಿಗೆ ಹಾಕಿ, ಮುಂದಿನ ತಿಂಗಳು ಒಂದನ್ನು ನಿಧಾನಕ್ಕೆ ಸೇದಿ ಬಂದು ಹೇಳಿ.